ಟ್ರೈನಿಂಗ್ ಬೇಡ ಅನ್ನೋ ಕನ್ಸಲ್ಟೆಂಟ್

"ಹುಡುಗರು ಸರಿಯಾಗಿ ಕೆಲಸ ಮಾಡ್ತಿಲ್ಲ, ಎರಡು ದಿನ ಟ್ರೈನಿಂಗ್ ಕೊಡಿ." ಕಂಪನಿಗಳಲ್ಲಿ ಕೆಲಸ ಯಾಕೆ ಸರಿ ಆಗ್ತಿಲ್ಲ ಅಂತ ಹುಡುಕಿ ಸರಿಪಡಿಸೋದು ನಮ್ಮ ಕಸುಬು; ಅದರ ಮುಕ್ಕಾಲು ಫೋನ್ ಕರೆ ಶುರುವಾಗೋದೇ ಹೀಗೆ. ಕೆಲಸ ಚೆನ್ನಾಗಿ ಆಗೋಕೆ ಏನೇನು ಬೇಕು ಅನ್ನೋದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲ್ಬರ್ಟ್ 1978ರಲ್ಲೇ ಆರು ಮನೆಯ ಚೌಕಟ್ಟು ಕೊಟ್ಟಿದ್ದರು: ಸಂಸ್ಥೆಯ ಕಡೆಗೆ ಮಾಹಿತಿ, ಸಲಕರಣೆ, ಪ್ರೋತ್ಸಾಹಕ; ನೌಕರನ ಕಡೆಗೆ ಜ್ಞಾನ, ಸಾಮರ್ಥ್ಯ, ಹುಮ್ಮಸ್ಸು. ಟ್ರೈನಿಂಗ್ ತುಂಬೋದು ಅದರಲ್ಲಿ ಒಂದೇ ಮನೆ. ಸಾಫ್ಟ್‌ವೇರ್ ದಿನವಿಡೀ ಹ್ಯಾಂಗ್ ಆಗ್ತಿದ್ರೆ ವರ್ಕ್‌ಶಾಪ್ ಏನು ಮಾಡೀತು? ಗೊತ್ತಿದ್ದೂ ಬಿಲ್ ಹಾಕೋರಿದ್ದಾರೆ (ಬಿಲ್ ದೊಡ್ಡದೇ ಇರುತ್ತೆ ಬಿಡಿ).

ಅದಕ್ಕಿಂತ ಕಸಿವಿಸಿ ಆಗೋದು, ನೌಕರರು ನಮ್ಮನ್ನು ನಂಬಿ ಹೇಳಿದ್ದನ್ನು ಕೇಳಿದ ಮ್ಯಾನೇಜರ್ "ಇದು ಯಾರು ಹೇಳಿದ್ದು?" ಅಂದಾಗ. ನಮ್ಮ ಕಸುಬಿನವರ ಅಂತರರಾಷ್ಟ್ರೀಯ ಸಂಘ ಐಎಸ್‌ಪಿಐನ ನೀತಿಸಂಹಿತೆಯ ತತ್ವಗಳಲ್ಲಿ ಗೌಪ್ಯತೆಯೂ ಒಂದು. ಫೀ ಕೊಡೋರು ಅವರೇ ಆದ್ರೂ ಹೆಸರು ಕೊಡೋ ಹಾಗಿಲ್ಲ. ಒಪ್ಪಂದದಲ್ಲೇ ಇದನ್ನ ಬರೆಸಿಬಿಡಿ, ಆಮೇಲೆ ಮುಜುಗರ ಇರಲ್ಲ.