ಸ್ಟೇಜ್ ಮೇಲೆ ಮಾತಾಡುವಾಗ ಯಾವ ತಪ್ಪು ಮಾಡಬಾರದು?

ಕಾರ್ಯಕ್ರಮಗಳಿಗೆ ನಾನು ನಿರೂಪಣೆ ಮಾಡುತ್ತೇನೆ. ಮೊದಲ ಸಲ ಮೈಕ್ ಹಿಡಿಯುವವರು ತಪ್ಪದೆ ಕೇಳುವ ಪ್ರಶ್ನೆ ಇದು: "ಮೇಡಂ, ಏನು ತಪ್ಪು ಮಾಡಬಾರದು ಹೇಳಿ." ಕೈಕಾಲು ನಡುಗುತ್ತದೆ ಅನ್ನುವುದೇ ಅವರ ದೊಡ್ಡ ಚಿಂತೆ. ಆ ನಡುಕ ಎದುರಿಗೆ ಕೂತವರಿಗೆ ಅಷ್ಟಾಗಿ ಕಾಣುವುದೇ ಇಲ್ಲ, ಕಂಡರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಜನಕ್ಕೆ ಬೇಜಾರಾಗುವುದು ತಮ್ಮ ಸಮಯ ಹಾಳಾದಾಗ.

ನಮ್ಮಲ್ಲಿ ಅದು ಶುರುವಿನಲ್ಲೇ ಹಾಳಾಗುತ್ತದೆ. ಸ್ವಾಗತ ಮಾಡಿದವರು ವೇದಿಕೆ ಮೇಲಿರುವ ಎಲ್ಲರ ಹೆಸರು ಹೇಳಿರುತ್ತಾರೆ, ಪ್ರಾಸ್ತಾವಿಕ ಮಾತಾಡಿದವರು ಮತ್ತೆ ಹೇಳಿರುತ್ತಾರೆ, ಉದ್ಘಾಟಕರೂ ಬಿಟ್ಟಿರುವುದಿಲ್ಲ, ಆಮೇಲೆ ನೀವೂ ಎದ್ದು ಅಧ್ಯಕ್ಷರಿಂದ ಹಿಡಿದು ಪತ್ರಕರ್ತ ಮಿತ್ರರವರೆಗೆ ಅದೇ ಪಟ್ಟಿ ಓದಿದರೆ ಕೇಳುವ ತಾಳ್ಮೆ ಯಾರಿಗಿರುತ್ತದೆ? ಒಬ್ಬರ ಹೆಸರು ಬಿಟ್ಟುಹೋದರೆ ಅವರಿಗೆ ನೋವು ಬೇರೆ. "ವೇದಿಕೆ ಮೇಲಿರುವ ಹಿರಿಯರಿಗೆ, ಎದುರಿಗಿರುವ ಎಲ್ಲರಿಗೂ ನಮಸ್ಕಾರ" ಅಂದರೆ ಸಾಕು. ಅದಾದ ಮೇಲೆ "ನಾನೇನೂ ತಯಾರಿ ಮಾಡಿಕೊಂಡು ಬಂದಿಲ್ಲ" ಅನ್ನಬೇಡಿ. ವಿನಯ ಅಂತ ಹೇಳುವ ಮಾತು ಅದು. ಆದರೆ ಕೆಲಸ ಬಿಟ್ಟು ಬಂದು ಕೂತವರಿಗೆ ಅವಮಾನ ಮಾಡಿದ ಹಾಗೆ, ಅಲ್ವಾ?

ಇನ್ನು "ಎರಡೇ ಮಾತು" ಅಂದು ಅರ್ಧ ಗಂಟೆ ಎಳೆಯುವುದು. 1863ರ ನವೆಂಬರ್ 19ರಂದು ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ, ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದ ಕಾರ್ಯಕ್ರಮವಿತ್ತು. ಅವತ್ತಿನ ಮುಖ್ಯ ಭಾಷಣಕಾರರು ಆಗಿನ ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಅಲ್ಲ, ಎಡ್ವರ್ಡ್ ಎವರೆಟ್. ಹೆಸರಾಂತ ಮಾತುಗಾರರು, ಸುಮಾರು ಎರಡು ಗಂಟೆ ಮಾತಾಡಿದರು. ಆಮೇಲೆ ಲಿಂಕನ್ ಆಡಿದ್ದು 270ರ ಆಸುಪಾಸಿನ ಪದ, ಅಷ್ಟೇ. ನೀವು ಎರಡು ನಿಮಿಷದಲ್ಲಿ ಹೇಳಿದ ವಿಷಯದ ಹತ್ತಿರಕ್ಕೆ ನಾನು ಎರಡು ಗಂಟೆಯಲ್ಲಿ ಬಂದಿದ್ದರೂ ಸಂತೋಷಪಡುತ್ತಿದ್ದೆ ಎಂಬ ಅರ್ಥದಲ್ಲಿ ಮರುದಿನ ಎವರೆಟ್ ಅವರೇ ಲಿಂಕನ್‌ಗೆ ಕಾಗದ ಬರೆದರು. ದೊಡ್ಡ ಮನಸ್ಸು ಅದು. ನಿಮಗೆ ಹತ್ತು ನಿಮಿಷ ಕೊಟ್ಟಿದ್ದರೆ ಎಂಟಕ್ಕೆ ತಯಾರಾಗಿ. ಮೊಬೈಲ್‌ನಲ್ಲಿ ಟೈಮರ್ ಇಟ್ಟು ಜೋರಾಗಿ ಹೇಳಿ ನೋಡಿ. ಸುಮ್ನೆ ಮನಸ್ಸಲ್ಲೇ ಓದಿಕೊಂಡರೆ ಲೆಕ್ಕ ಸಿಗುವುದಿಲ್ಲ, ಕಣ್ಣು ಬಾಯಿಗಿಂತ ಬೇಗ ಓಡುತ್ತದೆ.

ಪೂರ್ತಿ ಬಾಯಿಪಾಠ ಬೇಡ. ಒಂದು ಪದ ಮರೆತರೆ ಮುಂದಿನದೆಲ್ಲ ನಿಂತುಬಿಡುತ್ತದೆ. ಮೊದಲ ವಾಕ್ಯ, ಕೊನೆಯ ವಾಕ್ಯ ಗಟ್ಟಿ ಮಾಡಿಕೊಳ್ಳಿ, ಮಧ್ಯದ್ದಕ್ಕೆ ಚೀಟಿಯಲ್ಲಿ ನಾಲ್ಕು ಪಾಯಿಂಟ್ ಸಾಕು. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿಲ್ಲದವರೇ "ಇನ್ನೊಂದು ವಿಷಯ" ಅಂತ ಜಾಸ್ತಿ ಎಳೆಯುವುದು.

ಮೈಕ್ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ಅದರ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ, ಇಲ್ಲವೇ ಸ್ಪೀಕರ್ ಬಾಕ್ಸ್ ಕಡೆ ತಿರುಗಿಸಿದರೆ ಕೀಂ ಅನ್ನುವ ಸದ್ದು ಬರುತ್ತದೆ. ಮಧ್ಯಕ್ಕೆ ಹಿಡಿಯಿರಿ. ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿ ಇರಲಿ. ನೇರ ಇಟ್ಟರೆ ಪ, ಭ ಬಂದಾಗಲೆಲ್ಲ ಉಸಿರು ಬಡಿದು ಡಬ್ ಅನ್ನುತ್ತದೆ. ತಟ್ಟಿ ನೋಡಬೇಡಿ. ಕಾರ್ಯಕ್ರಮಕ್ಕೆ ಸ್ವಲ್ಪ ಮುಂಚೆ ಹೋಗಿ ಸೌಂಡ್‌ನವರನ್ನು ಕೇಳಿ, ಒಂದೆರಡು ವಾಕ್ಯ ಹೇಳಿ ನೋಡಲು ಅವರೇ ಬಿಡುತ್ತಾರೆ.