ಹತ್ತ್ ಯಾಕ ಕೊಡ್ತಾರ್ರೀ?

ಶನಿವಾರ ನಮ್ಮ ಆಫೀಸಿನವರು ಯಶವಂತಪುರದ ಕಡೆಯ ಒಂದು ಸರ್ಕಾರಿ ಶಾಲೆಗೆ ಬಣ್ಣ ಹೊಡೆಯೋಕೆ ಹೋಗಿದ್ದೆವು. ಅರ್ಧ ಜನ ಬ್ರಷ್ ಹಿಡಿದು ಫೋಟೊ ತೆಗೆಸಿಕೊಂಡು ಕಾಫಿಗೆ ಹೊರಟರು, ಅವರ ಕತೆ ಬಿಡಿ. ನನ್ನ ಪಾಲಿಗೆ ಬಂದದ್ದು ನಾಲ್ಕನೇ ಕ್ಲಾಸಿನ ಕಿಟಕಿ ಪಕ್ಕದ ಗೋಡೆ.

ಒಳಗೆ ಬೋರ್ಡಿನ ಮೇಲೆ 42, ಅದರ ಕೆಳಗೆ 17. "ಎರಡರಲ್ಲಿ ಏಳು ಹೋಗಲ್ಲ. ಪಕ್ಕದ ಮನೆಯಿಂದ ಒಂದು ಸಾಲ ತಗೊಂಡ್ವಿ, ಹನ್ನೆರಡಾಯ್ತು. ಅರ್ಥ ಆಯ್ತಾ?"

"ಆಯ್ತು ಮಿಸ್!" ಇಡೀ ಕ್ಲಾಸು, ರಾಗವಾಗಿ.

ಕೊನೇ ಬೆಂಚಿನಿಂದ ಒಂದು ದನಿ: "ತಿಳೀವಲ್ದ್ರೀ." ಯಾದಗಿರಿ ಕಡೆಯ ಮಾತು. ಉಳಿದವರು ಕಿಸಕ್ಕನೆ ನಕ್ಕರು.

"ಯಾವ್ದು ತಿಳೀವಲ್ದು?" ಅಂದರು ಮಿಸ್, ಅವನ ಧಾಟಿಯಲ್ಲೇ. ಆಮೇಲೆ ಸುಮ್ಮನೆ ನಿಂತರು. ಮುಂದಿನ ಬೆಂಚಿನ ಜಾಣೆ (ಪ್ರತಿ ಕ್ಲಾಸಿಗೂ ಒಬ್ಬಳಿರುತ್ತಾಳೆ) "ನಾನು ಮಿಸ್, ನಾನು ಮಿಸ್" ಅಂತ ಎದ್ದೇಬಿಟ್ಟಳು. "ಇರಮ್ಮ, ಅವನು ಹೇಳ್ಲಿ."

"ಒಂದ ಸಾಲ ಕೇಳಿದ್ರ ಹತ್ತ್ ಯಾಕ ಕೊಡ್ತಾರ್ರೀ?"

ವಾರವಿಡೀ ನನ್ನ ತಲೆಯಲ್ಲಿ ಇದೇ ಓಡುತ್ತಿದೆ. ಒಂದು ಕೇಳಿದರೆ ಹತ್ತು ಕೊಡುವ ಪಕ್ಕದ ಮನೆಯವರನ್ನು ಅವನು ಬೆಂಗಳೂರಿನಲ್ಲಿ ಕಂಡಿರಲಿಕ್ಕಿಲ್ಲ!

ಮಿಸ್ ನಗಲಿಲ್ಲ. "ಹೇಳ್ರೋ, ಯಾಕೆ ಕೊಡ್ತಾರೆ?" ಆಗಷ್ಟೇ "ಆಯ್ತು" ಅಂದವರೆಲ್ಲ ತಲೆ ಬಗ್ಗಿಸಿದರು, ಜಾಣೆಯೂ ಸೇರಿ. ರಬ್ಬರ್ ಬ್ಯಾಂಡ್ ಹಾಕಿದ ಹತ್ತತ್ತು ಕಡ್ಡಿಯ ನಾಲ್ಕು ಕಟ್ಟು, ಬಿಡಿಯಾಗಿ ಎರಡು ಕಡ್ಡಿ ಅವನ ಕೈಗಿಟ್ಟು "ನಂಗೆ ಏಳು ಕೊಡು" ಅಂದರು. ಅವನು ಎರಡು ಕಡ್ಡಿ ನೋಡಿದ, ಮಿಸ್ ಮುಖ ನೋಡಿದ, ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಕಿತ್ತ.

"ಹಂಗಾರ ಇದು ಸಾಲ ಅಲ್ರೀ, ನಮ್ಮ ಗಂಟ ನಾವ ಬಿಚ್ಚೀವಿ."

ಅಷ್ಟರಲ್ಲಿ ನಮ್ಮ ಜೊತೆ ಫೋಟೊಗೆ ಬಂದ ಹೆಡ್‌ಮಾಸ್ಟರು ಬಾಗಿಲಲ್ಲಿ ಇಣುಕಿ "ಇನ್ನೂ ಅದೇ ಲೆಕ್ಕನಾ ಮೇಡಂ?" ಅಂದರು. ಆ ಮನುಷ್ಯ ನನಗೆ ಬೆಳಗಿನಿಂದಲೂ ಹಿಡಿಸಿರಲಿಲ್ಲ.

ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸುಗಳ ಟೇಪ್ ಕೇಳಿ ಕಂಡುಕೊಂಡದ್ದು: ಪ್ರಶ್ನೆ ಹಾಕಿದ ಮೇಲೆ ಟೀಚರು ಕಾಯುವುದು ಸರಾಸರಿ ಒಂದೇ ಸೆಕೆಂಡ್. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ಆದರೆ "ಅರ್ಥ ಆಯ್ತಾ?" ಅಂತ ಕೇಳಿ ಮೂರು ನಿಮಿಷ ಕಾದರೂ ಬರೋದು ಅದೇ ರಾಗ. ಇಲ್ಲ ಅನ್ನೋಕೆ ಜಾಗವೇ ಇಡದ ಪ್ರಶ್ನೆ ಅದು. ನಮ್ಮ ಮೀಟಿಂಗುಗಳ ಕೊನೆಯ "ಎನಿ ಕ್ವೆಶ್ಚನ್ಸ್?" ಥರ, ಕೇಳುವವರ ಕೈ ಆಗಲೇ ಲ್ಯಾಪ್‌ಟಾಪ್ ಮುಚ್ಚುತ್ತಿರುತ್ತೆ.

ದಾರಿ ನಮ್ಮಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಅನ್ನೋ ಸರ್ಕಾರಿ ಶಾಲೆಗಳ ಕಲಿಕೆ ಪದ್ಧತಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಚಿಕ್ಕ ಮಕ್ಕಳು ಗುಂಪಾಗಿ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ, ಟೀಚರೂ ಅವರ ಜೊತೆ ನೆಲದ ಮೇಲೆ. ನಾಲ್ಕನೇ ಕ್ಲಾಸಿಗೆ ಬಂದರೆ ಬೆಂಚು, ಬೋರ್ಡು, "ಆಯ್ತು ಮಿಸ್". ಮೂರು ವರ್ಷ ಬಾಯಿ ಬಿಡಿಸಿ ಆಮೇಲೆ ಮುಚ್ಚಿಸೋದು ಯಾವ ನ್ಯಾಯವೋ.

ಬೆಲ್ ಆದ ಮೇಲೆ ಮಿಸ್ ಹತ್ತಿರ ಆ ಹುಡುಗನ ಮಾತೆತ್ತಿದೆ. "ಜೂನ್‌ನಲ್ಲಿ ಸೇರಿದಾಗ ಉಸಿರೇ ಬಿಡ್ತಿರ್ಲಿಲ್ಲ ಸರ್. ಇವರೆಲ್ಲ ಅವನ ಮಾತು ಅಣಕಿಸೋರು. ನಾನೂ ನಾಲ್ಕು ಮಾತು ಅವನ ಥರಾನೇ ಆಡೋಕೆ ಶುರು ಮಾಡ್ದೆ. ಈಗ ನೋಡಿ, ದಿನಾ ನಂಗೇ ಪರೀಕ್ಷೆ."