ಬೆಂಚು, ಗೀಟು, ಸ್ಟೀವ್ ಕೆರ್

ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಬೆಂಚಿನಲ್ಲಿ ಯಾರೂ ಸುಮ್ಮನೆ ಕೂರುವಂತಿರಲಿಲ್ಲ. ಒಬ್ಬರ ತೊಡೆಯ ಮೇಲೆ ಗೆರೆ ಹಾಳೆಯ ನೋಟ್‌ಬುಕ್, ಕೈಯಲ್ಲಿ ಪೆನ್ಸಿಲ್. ಚೆಂಡು ನಮ್ಮವರ ಕೈಗೆ ಬಂದಲ್ಲಿಂದ ಕೈಬಿಟ್ಟು ಹೋಗುವ ತನಕ ಎಷ್ಟು ಪಾಸ್ ಆಯಿತೋ ಅಷ್ಟು ಗೀಟು. ನಾಲ್ಕು ಉದ್ದಕ್ಕೆ, ಐದನೆಯದು ಅಡ್ಡಕ್ಕೆ. ಪಕ್ಕದವರ ಹಾಳೆಯಲ್ಲಿ ತಪ್ಪಿದ ಎಸೆತಗಳ ಲೆಕ್ಕ: ಚೆಂಡು ಮುಂದೆ ಬಿತ್ತೋ, ಹಿಂದಕ್ಕೆ ಹೋಯಿತೋ, ಎಡಕ್ಕೋ, ಬಲಕ್ಕೋ. ಕೋಚ್ ಮೊದಲು ನೋಡುತ್ತಿದ್ದದ್ದು ಆ ಎರಡು ಹಾಳೆಗಳನ್ನು. ಸ್ಕೋರು ಆಮೇಲೆ. ದಿಗ್ಗಜ ಆಟಗಾರ ಮೈಕೆಲ್ ಜೋರ್ಡನ್ ಹೆಸರು ಅವರ ಬಾಯಲ್ಲಿ ಬರುತ್ತಿದ್ದದ್ದು ಅಪರೂಪ. ದಿನಕ್ಕೊಮ್ಮೆಯಾದರೂ ಬರುತ್ತಿದ್ದದ್ದು ಜೋರ್ಡನ್ ತಂಡದ ಬೆಂಚಿನಲ್ಲಿ ಕೂರುತ್ತಿದ್ದ ಸ್ಟೀವ್ ಕೆರ್ ಹೆಸರು. ಸಂಚಿಕೆಗೆ ನೆನಪು ಬರೆಯಿರಿ ಎಂದಾಗ ಮೊದಲು ಕಣ್ಣಿಗೆ ಬಂದದ್ದು ಆ ನೋಟ್‌ಬುಕ್. ಗೆದ್ದ ಸೋತ ಪಂದ್ಯಗಳ ಕತೆಯನ್ನು ಬೇರೆಯವರು ಬರೆದಾರು. ಇಲ್ಲಿರುವುದು ಬೆಂಚಿನಿಂದ ಎದ್ದು ಕೋಚ್ ಆದ ಕೆರ್ ವಿಷಯ, ನಮ್ಮ ಕೋರ್ಟಿನಲ್ಲಿ ಅದನ್ನು ಬಿಡಿಸಿ ಹೇಳುತ್ತಿದ್ದ ರೀತಿಯಲ್ಲಿ.

ಕೆರ್ ಎತ್ತರ ಆರಡಿ ಮೂರಿಂಚು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಮಟ್ಟಿಗೆ ಅದು ಕುಳ್ಳರ ಸಾಲು. ಓಟ ನಿಧಾನ, ನೆಗೆತ ಅಷ್ಟಕ್ಕಷ್ಟೆ. ಹುಟ್ಟಿದ್ದು 1965ರಲ್ಲಿ, ಬೈರೂತ್‌ನಲ್ಲಿ. ಅಲ್ಲಿನ ಅಮೆರಿಕನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ತಂದೆ ಮಾಲ್ಕಮ್ ಕೆರ್ 1984ರ ಜನವರಿಯಲ್ಲಿ ಹಂತಕರ ಗುಂಡಿಗೆ ಬಲಿಯಾದಾಗ ಮಗ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿ. 1986ರಲ್ಲಿ ಸ್ಪೇನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಂಡಿಯ ಲಿಗಮೆಂಟ್ ಹರಿದು ಇಡೀ ಒಂದು ಸೀಸನ್ ಕೈತಪ್ಪಿತು. ಮರಳಿದ 1987-88ರಲ್ಲಿ ಮೂರು ಪಾಯಿಂಟ್ ಗೆರೆಯಾಚೆಯಿಂದ ಎಸೆದದ್ದು 199, ಬಿದ್ದದ್ದು 114. ಆ ವರ್ಷವೇ ಅರಿಜೋನಾ ಮೊದಲ ಬಾರಿಗೆ ಕಾಲೇಜು ಟೂರ್ನಿಯ ಕೊನೆಯ ನಾಲ್ಕು ತಂಡಗಳ ಘಟ್ಟವಾದ ಫೈನಲ್ ಫೋರ್ ತಲುಪಿತು. ಇಷ್ಟಾದರೂ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1988ರಲ್ಲಿ, ಫೀನಿಕ್ಸ್ ಸನ್ಸ್ ಅವರನ್ನು ಆರಿಸಿಕೊಂಡದ್ದು 50ನೆಯವರಾಗಿ.

ಅಲ್ಲಿಂದ 15 ಸೀಸನ್, 910 ಪಂದ್ಯ, ಪಂದ್ಯಕ್ಕೆ ಸರಾಸರಿ 6 ಪಾಯಿಂಟ್. ಬಹುಪಾಲು ಬೆಂಚಿನಿಂದಲೇ. ಅದರ ಜೊತೆಗೆ ಐದು ಚಾಂಪಿಯನ್‌ಶಿಪ್: ಶಿಕಾಗೊ ಬುಲ್ಸ್ ಜೊತೆ 1996, 1997, 1998, ಸ್ಯಾನ್ ಆಂಟೋನಿಯೊ ಸ್ಪರ್ಸ್ ಜೊತೆ 1999 ಮತ್ತು 2003. ಮೂರು ಪಾಯಿಂಟ್ ಎಸೆತದಲ್ಲಿ ಒಟ್ಟು ವೃತ್ತಿಜೀವನದ ಸರಾಸರಿ ಶೇ 45.4, ಎನ್‌ಬಿಎ ಇತಿಹಾಸದಲ್ಲೇ ಮೊದಲ ಸ್ಥಾನ. 1994-95ರ ಶೇ 52.4ನ್ನು ಮಾತ್ರ ಸ್ವಲ್ಪ ಎಚ್ಚರದಿಂದ ನೋಡಬೇಕು. ಆಗ ಮೂರು ವರ್ಷ ಮೂರು ಪಾಯಿಂಟ್ ಗೆರೆಯನ್ನು ರಿಂಗಿನಿಂದ ಸುತ್ತಲೂ 22 ಅಡಿಗೆ ಎಳೆದಿದ್ದರು; ಮೊದಲೂ ಆಮೇಲೂ ರಿಂಗಿನ ನೇರ ಎದುರಿನ ಭಾಗದಲ್ಲಿ ಅದು 23 ಅಡಿ 9 ಇಂಚು. ಆದರೆ ಉದ್ದ ಗೆರೆಯಿದ್ದ 1989-90ರಲ್ಲೂ ಅವರು ಶೇ 50 ದಾಟಿದ್ದರು ಎಂಬುದೂ ನಿಜ.

ನಮ್ಮ ಕೋಚ್‌ಗೆ ಈ ಅಂಕಿಗಳಿಗಿಂತ ಮುಖ್ಯವಾದದ್ದು ಚೆಂಡು ಕೈಗೆ ಬರುವ ಮುಂಚಿನ ಅರ್ಧ ಸೆಕೆಂಡು. ಬೆಂಚಿನಿಂದ ಬಂದವನ ಕಷ್ಟವೇ ಬೇರೆ. ನಲವತ್ತು ನಿಮಿಷ ಕೂತ ಮೈ ತಣ್ಣಗಾಗಿರುತ್ತದೆ, ತೊಡೆ ಬಿಗಿದಿರುತ್ತದೆ. ಅಂಥವನು ಎಸೆದ ಮೊದಲ ಚೆಂಡು ರಿಂಗಿನ ಮುಂದಿನ ಅಂಚಿಗೇ ಬಡಿಯುವುದು ಹೆಚ್ಚು. ನೋಟ್‌ಬುಕ್ಕಿನ ಎರಡನೇ ಹಾಳೆಯ ಓದು ಹೀಗೆ: ಚೆಂಡು ಪದೇ ಪದೇ ಮುಂದೆ ಬಿದ್ದರೆ ತಪ್ಪು ಕಾಲಿನದು, ಮಂಡಿ ಮಡಚಿಲ್ಲ. ಎಡಬಲಕ್ಕೆ ಹೋದರೆ ಕೈಯದು. ಚೆಂಡಿಗೆ ಆಸರೆಯಾಗಿ ಮಾತ್ರ ಇರಬೇಕಾದ ಕೈಯ ಹೆಬ್ಬೆರಳು ಕೊನೆಗಳಿಗೆಯಲ್ಲಿ ತಳ್ಳಿದೆ. ಹಿಂದಕ್ಕೆ ಹೋದರೆ ಆಟಗಾರ ಎಸೆಯುತ್ತ ಮುಂದಕ್ಕೆ ತೇಲಿದ್ದಾನೆ. ಚಪ್ಪಟೆಯಾಗಿ ಎಸೆಯುವವರಿಗೆ ಅವರು ಸೀಮೆಸುಣ್ಣದಲ್ಲಿ ಲೆಕ್ಕವನ್ನೇ ಮಾಡಿ ತೋರಿಸುತ್ತಿದ್ದರು. ರಿಂಗಿನ ಒಳ ಅಗಲ 45 ಸೆಂಟಿಮೀಟರ್, ಚೆಂಡಿನ ಅಡ್ಡಳತೆ ಸುಮಾರು 24. ಚೆಂಡು 45 ಡಿಗ್ರಿಯಲ್ಲಿ ಇಳಿದರೆ ಅದಕ್ಕೆ ಸಿಗುವ ಬಾಯಿ ಸುಮಾರು 32 ಸೆಂಟಿಮೀಟರ್. 30 ಡಿಗ್ರಿಯಲ್ಲಿ ಬಂದರೆ 22.5 ಮಾತ್ರ, ಅಂದರೆ ಚೆಂಡಿಗಿಂತ ಕಿರಿದು. ಅಂಚಿಗೆ ತಾಕದೆ ಒಳಗೆ ಹೋಗುವ ದಾರಿಯೇ ಇಲ್ಲ.

ಕೆರ್ ಆಡಿದ ಹಳೆಯ ಪಂದ್ಯಗಳ ತುಣುಕು ನೋಡಿದರೆ ತಿಳಿಯುತ್ತದೆ: ಪಾಸ್ ಗಾಳಿಯಲ್ಲಿರುವಾಗಲೇ ಮಂಡಿ ಮಡಚಿದೆ, ಹೆಜ್ಜೆ ಕೂತಿದೆ, ಅಂಗೈ ಎದೆಯ ಮುಂದೆ ತೆರೆದಿದೆ. ಚೆಂಡು ಬಂದ ಮೇಲೆ ಮಾಡುವುದು ಒಂದೇ, ಏಳುವುದು. 1997ರ ಫೈನಲ್ಸ್‌ನ ಆರನೇ ಪಂದ್ಯ, ಯೂಟಾ ಜಾಜ್ ವಿರುದ್ಧ, 86-86. ಟೈಮ್‌ಔಟ್‌ನಲ್ಲಿ ಜೋರ್ಡನ್ ಮತ್ತು ಕೆರ್ ಮಾತಾಡಿಕೊಂಡದ್ದು ಇಷ್ಟೇ: ಯೂಟಾದ ಜಾನ್ ಸ್ಟಾಕ್ಟನ್ ತಾವು ಕಾಯುತ್ತಿರುವ ಕೆರ್‌ರನ್ನು ಬಿಟ್ಟು ಜೋರ್ಡನ್ ಮೇಲೆ ಬರುತ್ತಾರೆ, ಆಗ ಕೆರ್ ಸಿದ್ಧವಿರಬೇಕು. ಹಾಗೇ ಆಯಿತು. ಸ್ಟಾಕ್ಟನ್ ಬಂದರು, ಜೋರ್ಡನ್ ಚೆಂಡು ಬಿಟ್ಟರು, ಸುಮಾರು 17 ಅಡಿಯಿಂದ ಕೆರ್ ಎಸೆದರು. ಉಳಿದದ್ದು ಐದು ಸೆಕೆಂಡು. ಬುಲ್ಸ್ 90-86ರಲ್ಲಿ ಗೆದ್ದು ಪಟ್ಟ ಹಿಡಿಯಿತು. 2003ರ ಮೇನಲ್ಲಿ, ಕೊನೆಯ ಸೀಸನ್ನಿನಲ್ಲಿ, ಇನ್ನೊಮ್ಮೆ: ಡಲ್ಲಾಸ್ ವಿರುದ್ಧದ ಪಂದ್ಯದಲ್ಲಿ ಸ್ಪರ್ಸ್‌ನ ಟೋನಿ ಪಾರ್ಕರ್ ಹುಷಾರಿಲ್ಲದ್ದರಿಂದ ಕರೆ ಬಂತು, ಪಟ್ಟಕ್ಕಾಗಿ ಸೀಸನ್ ಕೊನೆಗೆ ಆಡುವ ಆ ಪ್ಲೇಆಫ್‌ನಲ್ಲಿ ಹೆಚ್ಚು ಕಾಲ ಕೂತೇ ಇದ್ದ ಕೆರ್ ನಾಲ್ಕು ಮೂರು ಪಾಯಿಂಟ್ ಎಸೆತ ಎಸೆದು ನಾಲ್ಕನ್ನೂ ಹಾಕಿದರು. ಕೊನೆಯ ಕ್ವಾರ್ಟರ್ ಸ್ಪರ್ಸ್ ಪಾಲಿಗೆ 34-9.

ಕೂತವನಿಗೆ ಇನ್ನೊಂದು ಲಾಭವಿದೆ. ಅವನು ಕೋಚ್ ಕಾಣುವ ಕೋನದಲ್ಲೇ ಆಟ ನೋಡುತ್ತಾನೆ. ಅದೂ ಕೆರ್ ಕೂತದ್ದು ಬುಲ್ಸ್ ಕೋಚ್ ಫಿಲ್ ಜಾಕ್ಸನ್ ಮತ್ತು ಸ್ಪರ್ಸ್ ಕೋಚ್ ಗ್ರೆಗ್ ಪೊಪೊವಿಚ್ ಪಕ್ಕದಲ್ಲಿ. ಪ್ರತಿಭೆ ತುಂಬಿ ತುಳುಕುವವನಿಗೆ ತಾನು ಹೇಗೆ ಮಾಡಿದೆ ಎಂದು ಹೇಳಲು ಬರುವುದಿಲ್ಲ ಎಂಬ ಮಾತಿದೆ. 1994ರಲ್ಲಿ ಮಹಾ ಆಟಗಾರ ಮ್ಯಾಜಿಕ್ ಜಾನ್ಸನ್ ಲೇಕರ್ಸ್ ಕೋಚ್ ಆಗಿ 16 ಪಂದ್ಯದಲ್ಲಿ 11 ಸೋತು ಬಿಟ್ಟದ್ದನ್ನು ಇದಕ್ಕೆ ಉದಾಹರಿಸುತ್ತಾರೆ. ಆದರೆ ಅಷ್ಟೇ ದೊಡ್ಡ ಆಟಗಾರ ಬಿಲ್ ರಸೆಲ್ ಆಡುತ್ತಲೇ ಕೋಚ್ ಆಗಿ 1968, 1969ರಲ್ಲಿ ಸೆಲ್ಟಿಕ್ಸ್‌ಗೆ ಪಟ್ಟ ತಂದರು. ಅಂಥವರೇ ಆದ ಲ್ಯಾರಿ ಬರ್ಡ್ 1997-98ರಲ್ಲಿ, ಕೋಚ್ ಆದ ಮೊದಲ ವರ್ಷವೇ, ಇಂಡಿಯಾನಾಗೆ 58 ಗೆಲುವು ತಂದು ವರ್ಷದ ಕೋಚ್ ಎನಿಸಿಕೊಂಡರು. ಹಾಗಾಗಿ ಅದನ್ನು ನಿಯಮ ಮಾಡಿಕೊಳ್ಳುವುದು ಬೇಡ. ಆಟ ಬಿಟ್ಟ ಮೇಲೆ ಕಲಿಯಲು ಎಷ್ಟು ಕಾಲ ಕೊಟ್ಟರು, ಪಕ್ಕದಲ್ಲಿ ಯಾರನ್ನು ಕೂರಿಸಿಕೊಂಡರು ಎಂದು ನೋಡುವುದು ಮೇಲು.

ಕೆರ್ ಹನ್ನೊಂದು ವರ್ಷ ಕೊಟ್ಟರು. ಟಿಎನ್‌ಟಿ ವಾಹಿನಿಯಲ್ಲಿ ವೀಕ್ಷಕ ವಿವರಣೆ, ನಡುವೆ 2007ರಿಂದ 2010ರವರೆಗೆ ಫೀನಿಕ್ಸ್ ಸನ್ಸ್ ಜನರಲ್ ಮ್ಯಾನೇಜರ್ ಕೆಲಸ. ಅವರ ದೊಡ್ಡ ಎಡವಟ್ಟು ಇಲ್ಲೇ ಆದದ್ದು. ಕೋಚ್ ಮೈಕ್ ಡಾಂಟೋನಿ ಕಟ್ಟಿದ್ದ ತಂಡ ಓಡಿ ಆಡುವ ತಂಡ. ಅದಕ್ಕೆ 2008ರ ಫೆಬ್ರವರಿಯಲ್ಲಿ ಶಾನ್ ಮರಿಯನ್‌ರನ್ನು ಕೊಟ್ಟು ಭಾರಿ ಮೈಯ ಸೆಂಟರ್ ಶಕೀಲ್ ಓನೀಲ್‌ರನ್ನು ತಂದರು. ಆ ಬೇಸಿಗೆಯಲ್ಲಿ ಡಾಂಟೋನಿ ಹೊರಟರು. ಬದಲಿಗೆ ಬಂದ ಟೆರ್ರಿ ಪೋರ್ಟರ್ ಸೀಸನ್ ಮುಗಿಸಲಿಲ್ಲ, ತಂಡ 2009ರ ಪ್ಲೇಆಫ್ ಮುಟ್ಟಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಎಂದು ನಮ್ಮ ಕೋಚ್ ನಗುತ್ತಿದ್ದರು. ಪೋರ್ಟರ್ ಜಾಗಕ್ಕೆ ಬಂದ ಆಲ್ವಿನ್ ಜೆಂಟ್ರಿ ಮತ್ತೆ ಓಡಿಸಿದರು. 2010ರಲ್ಲಿ ತಂಡ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್ ತಲುಪಿತು. 2014ರಲ್ಲಿ ಕೆರ್ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಕೋಚ್ ಆದಾಗ ಆಕ್ರಮಣ ನೋಡಿಕೊಳ್ಳಲು ಕರೆದದ್ದು ಇದೇ ಜೆಂಟ್ರಿಯನ್ನು, ರಕ್ಷಣೆಗೆ ಹಿರಿಯ ರಾನ್ ಆಡಮ್ಸ್‌ರನ್ನು. ತಲೆ ನರೆತ ಇಬ್ಬರನ್ನು ಪಕ್ಕಕ್ಕಿಟ್ಟುಕೊಳ್ಳಲು ಮೊದಲ ಸಲ ಕೋಚ್ ಆದವರಿಗೆ ಎಷ್ಟೋ ಸಲ ಅಹಂ ಬಿಡುವುದಿಲ್ಲ.

ವಾರಿಯರ್ಸ್ ಹಿಂದಿನ ವರ್ಷ 51 ಪಂದ್ಯ ಗೆದ್ದಿತ್ತು, ಕೆಟ್ಟ ತಂಡವೇನಲ್ಲ. ಆದರೆ ಪಂದ್ಯಕ್ಕೆ ಎಷ್ಟು ಪಾಸ್ ಎಂಬ ಲೆಕ್ಕದಲ್ಲಿ ಲೀಗಿನಲ್ಲೇ ಕೊನೆ, 250ಕ್ಕೂ ಕೆಳಗೆ. ಕೆರ್ ಇಟ್ಟ ಗುರಿ 300. ನಮ್ಮ ಗೀಟಿನ ಪುಸ್ತಕದ ಮೂಲ ಇದೇ. ಮೊದಲಿಗೆ ಆದದ್ದು ನಮ್ಮ ಕೋರ್ಟಿನಲ್ಲೂ ಆದದ್ದೇ: ಪಾಸ್ ಹೆಚ್ಚಿತು, ಚೆಂಡು ಕಳೆದುಕೊಳ್ಳುವುದೂ ಹೆಚ್ಚಿತು. ಮೊದಲ ಏಳು ಪಂದ್ಯದಲ್ಲಿ ಐದು ಗೆದ್ದು ಎರಡು ಸೋತಾಗ ಕೆರ್ ಬೇಸ್‌ಬಾಲ್ ಭಾಷೆಯಲ್ಲಿ ಬುದ್ಧಿ ಹೇಳಿದರು. ನಮಗೆ ಅದು ಕ್ರಿಕೆಟ್ಟಿಗೆ ಇಳಿದು ಬಂತು, ಸಿಕ್ಸರ್ ಬೇಡ, ಒಂಟಿ ರನ್ ಓಡಿ ಎಂದು. ಅಂದರೆ ಬೆನ್ನ ಹಿಂದಿನ ಮಿಂಚಿನ ಪಾಸ್ ಬೇಡ, ಎದುರಿಗಿದ್ದವನಿಗೆ ಎರಡು ಕೈಯಲ್ಲಿ ಕೊಡಿ. ಆಮೇಲೆ ಸತತ 16 ಗೆಲುವು.

ಅವರ ಆಟದ ನಡು ಎಂದರೆ ಸ್ಪ್ಲಿಟ್. ಜಾಕ್ಸನ್ ಕಾಲದ ಟ್ರಯಾಂಗಲ್ ಆಟದ ಕುಡಿ ಅದು. ಹೊರಗಿನಿಂದ ಆಟ ನಡೆಸುವ ಗಾರ್ಡ್ ಚೆಂಡನ್ನು ಪೋಸ್ಟ್‌ನಲ್ಲಿ, ಅಂದರೆ ರಿಂಗಿನ ಹತ್ತಿರದ ಜಾಗದಲ್ಲಿ, ಇರುವ ದೊಡ್ಡಾಳಿಗೆ ಕೊಡುತ್ತಾನೆ. ಕೊಟ್ಟವನು ನಿಲ್ಲುವಂತಿಲ್ಲ, ಪಕ್ಕದ ಗಾರ್ಡ್ ಕಡೆ ಹೋಗಿ ಅವನ ಕಾವಲುಗಾರನಿಗೆ ಸ್ಕ್ರೀನ್ ಹಾಕುತ್ತಾನೆ, ಅಂದರೆ ದಾರಿಗೆ ಅಡ್ಡ ನಿಲ್ಲುತ್ತಾನೆ. ಇಬ್ಬರೂ ಒಂದಾಗುವ ಆ ಕ್ಷಣದಲ್ಲಿ ಒಬ್ಬ ರಿಂಗಿನ ಕಡೆ ನುಗ್ಗಬೇಕು, ಇನ್ನೊಬ್ಬ ಗೆರೆಯಾಚೆ ಜಿಗಿಯಬೇಕು. ಯಾರು ಎತ್ತ ಎಂಬುದನ್ನು ಎದುರಾಳಿ ಹೇಳುತ್ತಾನೆ. ಕಾವಲುಗಾರ ಮೇಲಿನಿಂದ ಅಡ್ಡಗಟ್ಟಿದರೆ ಬೆನ್ನ ಹಿಂದಿನಿಂದ ಒಳಗೆ. ಅವನು ಒಳಗೆ ಕುಸಿದರೆ ಹೊರಗೆ. ಕೆಡುವುದು ಮೂರು ಕಡೆ. ಪಾಸ್ ಕೊಟ್ಟವನು ಕೊಟ್ಟದ್ದನ್ನು ಮೆಚ್ಚಿಕೊಳ್ಳುತ್ತ ಒಂದು ಸೆಕೆಂಡು ನಿಲ್ಲುವುದು, ಇದು ಎಲ್ಲಕ್ಕಿಂತ ಹೆಚ್ಚು. ಇಬ್ಬರೂ ಒಂದೇ ಕಡೆ ಓಡಿ ಒಬ್ಬನೇ ಕಾವಲುಗಾರ ಇಬ್ಬರನ್ನೂ ಹಿಡಿಯುವಂತಾಗುವುದು. ಉಳಿದಿಬ್ಬರು ಆಸೆಬಿದ್ದು ಹತ್ತಿರ ಬಂದು ತಮ್ಮ ಕಾವಲುಗಾರರನ್ನೂ ಗುಂಪಿಗೆ ಎಳೆದು ತರುವುದು. ದೂರದ ಎಸೆತಕ್ಕೆ ಹೆಸರಾದ ವಾರಿಯರ್ಸ್ ಗಾರ್ಡ್ ಸ್ಟೆಫ್ ಕರಿ ಸ್ಕ್ರೀನ್ ಹಾಕಿದಾಗ ಎದುರಾಳಿ ಕಂಗಾಲಾಗುವುದೇಕೆಂದರೆ, ಸ್ಕ್ರೀನ್ ಹಾಕಿದವನನ್ನು ಬಿಟ್ಟು ಸಹಾಯಕ್ಕೆ ಹೋಗುವಂತಿಲ್ಲ. ಆಟಗಾರನಾಗಿ 15 ವರ್ಷದಲ್ಲಿ ಕೆರ್ ಹಾಕಿದ ಮೂರು ಪಾಯಿಂಟ್ ಎಸೆತ ಒಟ್ಟು 726. ಅವರ ತಂಡದಲ್ಲಿ ಕರಿ 2015-16ರ ಒಂದೇ ಸೀಸನ್ನಿನಲ್ಲಿ ಹಾಕಿದ್ದು 402.

ಮೊದಲ ವರ್ಷ 67 ಗೆಲುವು, 15 ಸೋಲು, ಕೊನೆಗೆ ಪಟ್ಟ. ಫೈನಲ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್ 2-1 ಮುಂದಿದ್ದಾಗ ನಿಕ್ ಯುರೆನ್ ಎಂಬ ಕಿರಿಯ ಸಹಾಯಕ ರಾತ್ರಿ ಹಳೆಯ ವಿಡಿಯೊ ನೋಡಿ ಸಲಹೆ ಕಳಿಸಿದರು: ಏಳಡಿಯ ಸೆಂಟರ್ ಬೋಗಟ್‌ರನ್ನು ಕೂರಿಸಿ ಇಗ್ವೊಡಾಲರಿಂದ ಆರಂಭಿಸಿ. ಇಗ್ವೊಡಾಲ ಆ ಇಡೀ ಸೀಸನ್ನಿನಲ್ಲಿ ಒಂದು ಪಂದ್ಯವನ್ನೂ ಆರಂಭಿಸಿರಲಿಲ್ಲ. ಅವರನ್ನು ಬೆಂಚಿಗೆ ಕಳಿಸಿದವರೇ ಕೆರ್. ಶುರುವಿನಲ್ಲಿ ತಂಡ 0-7 ಹಿಂದೆ ಬಿತ್ತು. ಅಲ್ಲಿ ಹೆದರಿ ಬೋಗಟ್‌ರನ್ನು ಮತ್ತೆ ಕರೆದಿದ್ದರೆ ಕತೆ ಮುಗಿಯುತ್ತಿತ್ತು. ಕೆರ್ ಕಾದರು, 103-82ರಲ್ಲಿ ಗೆದ್ದರು, ಉಳಿದೆರಡನ್ನೂ ಗೆದ್ದರು, ಫೈನಲ್ಸ್‌ನ ಶ್ರೇಷ್ಠ ಆಟಗಾರ ಇಗ್ವೊಡಾಲ. ಸಲಹೆ ಯಾರದೆಂದು ಕೆರ್ ಸುದ್ದಿಗೋಷ್ಠಿಯಲ್ಲೇ ಹೇಳಿದರು. ಯಾರನ್ನು ಆರಂಭಿಸುತ್ತೀರಿ ಎಂದು ಪಂದ್ಯಕ್ಕೆ ಮುಂಚೆ ಕೇಳಿದವರಿಗೆ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡರು.

ಆ ಬೇಸಿಗೆಯ ಬೆನ್ನಿನ ಶಸ್ತ್ರಚಿಕಿತ್ಸೆ ಕೆಟ್ಟು, ಮುಂದಿನ ಸೀಸನ್ನಿನ ಮೊದಲ 43 ಪಂದ್ಯಕ್ಕೆ ಅವರಿಲ್ಲ. ಲ್ಯೂಕ್ ವಾಲ್ಟನ್ ಕೈಯಲ್ಲಿ ತಂಡ 39 ಗೆದ್ದಿತು. ಕೊನೆಗೆ 73-9 ಎಂಬ ದಾಖಲೆ, ಅದರ ಬೆನ್ನಿಗೇ ಫೈನಲ್ಸ್‌ನಲ್ಲಿ 3-1 ಮುಂದಿದ್ದೂ ಸೋಲು. 2017, 2018, 2022ರಲ್ಲಿ ಮತ್ತೆ ಪಟ್ಟ. 2018ರ ಫೆಬ್ರವರಿಯಲ್ಲಿ ಫೀನಿಕ್ಸ್ ವಿರುದ್ಧ ಬರೆಯುವ ಬೋರ್ಡನ್ನೇ ಆಟಗಾರರ ಕೈಗೆ ಕೊಟ್ಟು ಟೈಮ್‌ಔಟ್ ನೀವೇ ನಡೆಸಿ ಎಂದರು. ತನ್ನ ದನಿ ಕೇಳಿ ಕೇಳಿ ಅವರಿಗೆ ಬೇಸರ ಬಂದಿದೆ ಎಂಬುದು ಕಾರಣ.

ಎಲ್ಲವೂ ದಕ್ಕಲಿಲ್ಲ. 1995ರ ಅಭ್ಯಾಸದಲ್ಲಿ ಜೋರ್ಡನ್ ಕೆರ್ ಮುಖಕ್ಕೆ ಗುದ್ದಿದ್ದರು. ಅದೇ ದಿನ ಜೋರ್ಡನ್ ಫೋನ್ ಮಾಡಿ ಕ್ಷಮೆ ಕೇಳಿದರು, ಆಮೇಲೆ ಇಬ್ಬರ ನಡುವೆ ನಂಬಿಕೆ ಬೆಳೆಯಿತು. 2022ರ ಅಕ್ಟೋಬರಿನ ಅಭ್ಯಾಸದಲ್ಲಿ ವಾರಿಯರ್ಸ್ ಆಟಗಾರ ಡ್ರೇಮಂಡ್ ಗ್ರೀನ್ ಜೊತೆಯಾಟಗಾರ ಜೋರ್ಡನ್ ಪೂಲ್‌ಗೆ ಹೊಡೆದಾಗ ಆ ಹಳೆಯ ಅನುಭವ ಕೆಲಸಕ್ಕೆ ಬರಲಿಲ್ಲ. ವಿಡಿಯೊ ಲೋಕಕ್ಕೆಲ್ಲ ಹಂಚಿಹೋಗಿತ್ತು. ಗ್ರೀನ್‌ಗೆ ದಂಡ ಹಾಕಿದರು, ಅಮಾನತು ಮಾಡಲಿಲ್ಲ. ತಂಡ ಆ ಸೀಸನ್ ಪೂರ್ತಿ ಒಡಕಲಾಗಿ ಆಡಿತು. ಮುಂದಿನ ಬೇಸಿಗೆಯಲ್ಲಿ ಪೂಲ್ ಬೇರೆ ತಂಡಕ್ಕೆ ಹೋದರು.

ಬೆಂಚಿನ ಲೆಕ್ಕ ಎಲ್ಲಕ್ಕಿಂತ ಬಿಗಿಯಾದದ್ದು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಕೆರ್ ಅಮೆರಿಕ ತಂಡದ ಕೋಚ್ ಆಗಿದ್ದಾಗ. ಎನ್‌ಬಿಎ ಪಂದ್ಯ 48 ನಿಮಿಷ, ಐವರಿಗೆ ಹಂಚಲು 240. ಅಂತರರಾಷ್ಟ್ರೀಯ ಪಂದ್ಯ 40 ನಿಮಿಷ, ಅಂದರೆ 200. ಆಟಗಾರರು ಹನ್ನೆರಡು, ಎಲ್ಲರೂ ತಮ್ಮ ತಮ್ಮ ತಂಡದಲ್ಲಿ ಮೂವತ್ತಕ್ಕೂ ಹೆಚ್ಚು ನಿಮಿಷ ಆಡುವ ಅಭ್ಯಾಸದವರು. ಹತ್ತು ಜನರಿಗೆ ಇಪ್ಪತ್ತಿಪ್ಪತ್ತು ಹಂಚಿದರೆ ಮುಗಿಯಿತು. ಸರ್ಬಿಯಾ ವಿರುದ್ಧದ ಮೊದಲ ಪಂದ್ಯದಲ್ಲೂ ಸೆಮಿಫೈನಲ್‌ನಲ್ಲೂ ಜೇಸನ್ ಟೇಟಮ್‌ಗೆ ಸಿಕ್ಕಿದ್ದು ಸೊನ್ನೆ ನಿಮಿಷ. ಅವರು ಆಗಷ್ಟೇ ಬಾಸ್ಟನ್ ಜೊತೆ ಎನ್‌ಬಿಎ ಪಟ್ಟ ಗೆದ್ದು ಬಂದಿದ್ದರು. ಬೈಗುಳ ಸಾಕಷ್ಟು ಬಂತು. ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 98-87ರ ಗೆಲುವು, ಚಿನ್ನ. ಟೇಟಮ್ ಪಾಲಿಗೆ 11 ನಿಮಿಷ.